ಜರ್ಮನಿಯಲ್ಲಿ ಒಪ್ಪೋ, ಒನ್‌ಪ್ಲಸ್ ಫೋನ್ ಮಾರಾಟ ನಿಂತಿದ್ದೇಕೆ?

ಯಾವುದೋ ದೇಶದಲ್ಲಿ ಫೋನ್ ಮಾರಾಟ ನಿಂತಿತು ಎಂದು ಕೇಳಿದ ಕೂಡಲೇ ವಿಕಿರಣವೋ, ಬೇಹುಗಾರಿಕೆಯೋ ಎಂದು ಅನುಮಾನ ಪಡುತ್ತೇವೆ. 2022ರ ಆಗಸ್ಟ್‌ನಲ್ಲಿ ಜರ್ಮನಿಯಲ್ಲಿ ಒಪ್ಪೋ, ಒನ್‌ಪ್ಲಸ್ ಮಾರಾಟ ನಿಂತಿದ್ದಕ್ಕೆ ಇವೆರಡೂ ಕಾರಣವಲ್ಲ. ಅದು ಪೇಟೆಂಟ್ ಜಗಳ.

4ಜಿ, 5ಜಿ ಸಂಪರ್ಕಕ್ಕೆ ಬೇಕಾದ ಹಲವು ತಂತ್ರಜ್ಞಾನಗಳ ಪೇಟೆಂಟ್ ನೋಕಿಯಾ ಬಳಿ ಇದೆ. ಬಳಸುವವರು ಶುಲ್ಕ ಕೊಡಬೇಕು. ಒಪ್ಪೋ ಜೊತೆಗಿನ ಒಪ್ಪಂದ 2021ರಲ್ಲಿ ಮುಗಿಯಿತು, ಹೊಸ ಮಾತುಕತೆ ಕುದುರಲಿಲ್ಲ. ನೋಕಿಯಾ ಭಾರತವೂ ಸೇರಿ ಹಲವು ದೇಶಗಳಲ್ಲಿ ದಾವೆ ಹೂಡಿತು. ಮ್ಯಾನ್‌ಹೈಮ್, ಮ್ಯೂನಿಕ್ ಕೋರ್ಟುಗಳಲ್ಲಿ ಗೆದ್ದಿತು.

ಪೇಟೆಂಟ್ ವಕೀಲರಿಗೆ ಜರ್ಮನಿ ಎಂದರೆ ಅಚ್ಚುಮೆಚ್ಚು. ಅಲ್ಲಿ ಉಲ್ಲಂಘನೆ ಆಗಿದೆಯೇ ಎಂದು ನೋಡುವ ಕೋರ್ಟ್ ಬೇರೆ, ಆ ಪೇಟೆಂಟೇ ಊರ್ಜಿತವೇ ಎಂದು ನೋಡುವ ಕೋರ್ಟ್ ಬೇರೆ. ಎರಡನೆಯದರ ತೀರ್ಪು ಬರುವ ಮೊದಲೇ ಮಾರಾಟಕ್ಕೆ ತಡೆ ಬೀಳಬಹುದು. ಮೇಲಿನ ಕೋರ್ಟಿನಲ್ಲಿ ತೀರ್ಪು ತಿರುಗಿದರೆ ದಾವೆ ಹೂಡಿದವರೇ ನಷ್ಟ ತುಂಬಿಕೊಡಬೇಕು, ನಿಜ. ಆದರೂ ಅಷ್ಟರಲ್ಲಿ ಅಂಗಡಿ ಖಾಲಿಯಾಗಿರುತ್ತದೆ! ನಮಗಂತೂ ಈ ವ್ಯವಸ್ಥೆ ಪೇಟೆಂಟ್ ಇದ್ದವರ ಕಡೆಗೇ ವಾಲಿದಂತೆ ಕಾಣುತ್ತದೆ.

ಪೇಟೆಂಟ್ ತೀರ್ಪು ಆಯಾ ದೇಶಕ್ಕೆ ಸೀಮಿತ. ಹಾಗಾಗಿ ಅದೇ ಕಂಪನಿಗಳ ಫೋನ್‌ಗಳು ನಮ್ಮಲ್ಲಿ ಮಾರಾಟವಾಗುತ್ತಲೇ ಇದ್ದವು. ಜರ್ಮನಿಯಲ್ಲಿ ಆಗಲೇ ಕೊಂಡವರ ಫೋನ್‌ಗೂ ತೊಂದರೆಯಾಗಲಿಲ್ಲ. 2024ರ ಜನವರಿಯಲ್ಲಿ ರಾಜಿಯಾಗಿ ಎಲ್ಲ ದಾವೆಗಳೂ ಮುಗಿದವು.

ಈ ನಡುವೆ, 2023ರ ಜೂನ್ 1ರಿಂದ ಯುರೋಪಿನಲ್ಲಿ ಏಕೀಕೃತ ಪೇಟೆಂಟ್ ನ್ಯಾಯಾಲಯ ಶುರುವಾಗಿದೆ. ಅಲ್ಲಿ ಎರಡೂ ಪ್ರಶ್ನೆಗಳನ್ನು ಸಾಮಾನ್ಯವಾಗಿ ಒಟ್ಟಿಗೇ ವಿಚಾರಿಸುತ್ತಾರೆ. ಆದರೆ ಅಲ್ಲಿ ಸೋತರೆ ಒಂದೇ ತೀರ್ಪಿನಿಂದ 18 ದೇಶಗಳಲ್ಲಿ ಮಾರಾಟ ನಿಲ್ಲಬಹುದು.