ಹೆಸರುಗಳ ಪಟ್ಟಿಯಲ್ಲಿ ಮುಗಿಯುವ ಕಾದಂಬರಿ

ಕಾದಂಬರಿಯ ಕೊನೆಗೆ ಲೇಖಕನ ಟಿಪ್ಪಣಿಯಿದ್ದರೆ ನಾವು ಅದನ್ನು ಓದದೆಯೇ ಪುಸ್ತಕ ಮುಚ್ಚುವುದುಂಟು. ಅಮೆರಿಕದ ಫಿಲಿಪ್ ಕೆ. ಡಿಕ್ 1977ರಲ್ಲಿ ಪ್ರಕಟಿಸಿದ ‘ಎ ಸ್ಕ್ಯಾನರ್ ಡಾರ್ಕ್ಲಿ’ಯನ್ನು ಹಾಗೆ ಮುಚ್ಚಿದರೆ ಅದು ನಮಗೆ ಅರ್ಧವಷ್ಟೇ ದಕ್ಕೀತು. ಮಾದಕವಸ್ತುಗಳಿಂದ ಸತ್ತ, ಇಲ್ಲವೇ ಎಂದೂ ಸರಿಹೋಗದಂತೆ ಜರ್ಜರಿತರಾದ ತನ್ನ ಗೆಳೆಯರ ಹೆಸರುಗಳನ್ನು ಡಿಕ್ ಅಲ್ಲಿ ಸಾಲಾಗಿ ಬರೆದಿದ್ದಾನೆ. ಆ ಸಾಲಿನಲ್ಲಿ ‘ಫಿಲ್’ ಎಂಬ ಹೆಸರೂ ಇದೆ, ಅದು ಅವನದೇ.

ಈ ಕೃತಿಯನ್ನು ಕರಾಳ ಭವಿಷ್ಯದ ಕಲ್ಪನೆಯೆಂದು ಕರೆಯುವುದು ವಾಡಿಕೆ. ಕಥೆ ನಡೆಯುವುದು 1994ರ ಕ್ಯಾಲಿಫೋರ್ನಿಯಾದಲ್ಲಿ. ಆದರೆ ಅದರ ಬೇರುಗಳಿರುವುದು 1970ರಿಂದ 1972ರವರೆಗಿನ ದಿನಗಳಲ್ಲಿ. ನಾಲ್ಕನೆಯ ಹೆಂಡತಿ ಮಗಳೊಂದಿಗೆ ತೊರೆದುಹೋದ ಮೇಲೆ, ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿದ್ದ ಡಿಕ್‌ನ ಮನೆ ವ್ಯಸನಕ್ಕೆ ಬಿದ್ದ ಹರೆಯದವರ ಬೀಡಾಯಿತು. ಅವನೂ ಆಂಫೆಟಮೀನ್ ಗುಳಿಗೆಗಳಿಗೆ ಒಗ್ಗಿಹೋಗಿದ್ದವನೇ. 1971ರ ಜೂನಿನಲ್ಲಿ ಅಧ್ಯಕ್ಷ ನಿಕ್ಸನ್ ಮಾದಕವ್ಯಸನವನ್ನು ದೇಶದ ಮೊದಲ ಶತ್ರುವೆಂದು ಸಾರಿದ. ಅದೇ ನವೆಂಬರಿನಲ್ಲಿ ಯಾರೋ ಡಿಕ್‌ನ ಮನೆಗೆ ನುಗ್ಗಿ ಕಾಗದಪತ್ರಗಳ ಕಪಾಟನ್ನು ಒಡೆದರು. ಯಾರೆಂಬುದು ಕೊನೆಗೂ ಬಯಲಾಗಲಿಲ್ಲ. ಸರ್ಕಾರದವರೋ, ಗೆಳೆಯರೋ, ಅಥವಾ ತಾನೇ ಮಾಡಿ ಮರೆತೆನೋ ಎಂದು ಡಿಕ್ ವರ್ಷಗಟ್ಟಲೆ ಶಂಕಿಸಿದ. ಮರುವರ್ಷ ಕೆನಡಾದ ವ್ಯಾಂಕೂವರಿಗೆ ಹೋದವನು ಅಲ್ಲಿ ಪ್ರಾಣ ಕಳೆದುಕೊಳ್ಳಲು ಯತ್ನಿಸಿ, ವ್ಯಸನಿಗಳ ಪುನರ್ವಸತಿ ಕೇಂದ್ರ ಸೇರಿದ.

ಕಾದಂಬರಿ ಆ ಶಂಕೆಯಿಂದಲೇ ಹುಟ್ಟಿದೆ. ಬಾಬ್ ಆರ್ಕ್ಟರ್ ವ್ಯಸನಿಗಳ ನಡುವೆ ವೇಷ ಮರೆಸಿ ಬದುಕುವ ಪೊಲೀಸ್ ಗೂಢಚಾರ. ಕಚೇರಿಯಲ್ಲಿ ಅವನು ತೊಡುವ ಉಡುಪು ಕ್ಷಣಕ್ಕೊಂದು ಮುಖ ತೋರುವುದರಿಂದ ಮೇಲಧಿಕಾರಿಗೂ ಅವನ ಗುರುತಿಲ್ಲ. ಒಂದು ದಿನ ಆರ್ಕ್ಟರನ ಮೇಲೆಯೇ ಕಣ್ಣಿಡುವಂತೆ ಅವನಿಗೆ ಆಜ್ಞೆಯಾಗುತ್ತದೆ. ‘ಸಬ್‌ಸ್ಟೆನ್ಸ್ ಡಿ’ ಎಂಬ ಮಾದಕವಸ್ತು ಮಿದುಳಿನ ಎರಡು ಭಾಗಗಳ ನಂಟನ್ನು ಕಡಿದಂತೆ, ನೋಡುವವನೂ ನೋಡಲ್ಪಡುವವನೂ ತಾನೇ ಎಂಬುದನ್ನು ಅವನು ಮರೆಯುತ್ತಾನೆ. ಕೊನೆಗೆ ಅವನು ಸೇರುವ ಪುನರ್ವಸತಿ ಸಂಸ್ಥೆಯ ಹೊಲದಲ್ಲಿಯೇ ಆ ವಿಷದ ನೀಲಿ ಹೂಗಳು ಅರಳಿರುತ್ತವೆ.

ಡಿಕ್‌ನ ಕೃತಿಗಳಿಗೆ ಚಿತ್ರರಂಗ ತೋರಿದ ನಿಷ್ಠೆ ಅಷ್ಟಕ್ಕಷ್ಟೆ. ‘ಬ್ಲೇಡ್ ರನ್ನರ್’ ಮೂಲ ಕಾದಂಬರಿಯಿಂದ ಬಹುದೂರ ಸರಿದ ಚಿತ್ರ. ಅದು 1982ರಲ್ಲಿ ತೆರೆಕಾಣುವ ಕೆಲವೇ ತಿಂಗಳ ಮುನ್ನ ಡಿಕ್ ತೀರಿಕೊಂಡಿದ್ದ. ರಿಚರ್ಡ್ ಲಿಂಕ್‌ಲೇಟರ್ 2006ರಲ್ಲಿ ತೆಗೆದ ‘ಎ ಸ್ಕ್ಯಾನರ್ ಡಾರ್ಕ್ಲಿ’ ಬೇರೆಯದೇ ಹಾದಿ ಹಿಡಿಯಿತು. ಕಿಯಾನು ರೀವ್ಸ್ ಮೊದಲಾದ ನಟರ ಅಭಿನಯವನ್ನು ಸೆರೆಹಿಡಿದು, ಕಲಾವಿದರು ಅದರ ಮೇಲೆ ಗಣಕಯಂತ್ರದಲ್ಲಿ ಚಿತ್ರ ಬರೆದರು. ಚಿತ್ರೀಕರಣ ಕೆಲವು ವಾರಗಳಲ್ಲಿ ಮುಗಿದರೂ ಈ ಕೆಲಸ ವರ್ಷಕ್ಕೂ ಮೀರಿ ಹಿಡಿಯಿತು. ಹಾಗೆ ಬರೆದ ಮುಖಗಳ ಗೆರೆಗಳು ಒಂದೆಡೆ ನಿಲ್ಲದೆ ತೇಲುತ್ತವೆ. ಆರ್ಕ್ಟರನ ಮನಸ್ಸಿನ ಸ್ಥಿತಿಗೆ ಬೇರೆ ವಿವರಣೆ ಬೇಕಿಲ್ಲ.

ಆದರೂ ಈ ರೂಪಾಂತರದ ದೊಡ್ಡ ನಿಷ್ಠೆ ಇರುವುದು ತಂತ್ರದಲ್ಲಲ್ಲ ಎಂಬುದು ನಮ್ಮ ಅನಿಸಿಕೆ. ಚಿತ್ರ ಮುಗಿದಾಗ ಡಿಕ್‌ನ ಪಟ್ಟಿ, ತುಸು ಮೊಟಕಾಗಿಯಾದರೂ, ತೆರೆಯ ಮೇಲೆ ಬರುತ್ತದೆ. ಅವರು ಮಾಡಿದ ತಪ್ಪಿಗಿಂತ ಪಡೆದ ಶಿಕ್ಷೆ ದೊಡ್ಡದು ಎಂಬುದೇ ಡಿಕ್‌ನ ಅಳಲು. ಉಪದೇಶ ಅವನ ಉದ್ದೇಶವಾಗಿರಲಿಲ್ಲ. ಪಟ್ಟಿಯಲ್ಲಿ ಯಾರಿಗೂ ಮನೆತನದ ಹೆಸರಿಲ್ಲ. ಅವರು ಯಾರೆಂದು ನಮಗೆ ತಿಳಿಯುವುದಿಲ್ಲ. ಇದ್ದರೆಂಬುದು ಮಾತ್ರ ತಿಳಿಯುತ್ತದೆ. ಡಿಕ್ ಉಳಿಸಲು ಬಯಸಿದ್ದೂ ಅದನ್ನೇ.