ಕಾಲೇಜು ಬಿಟ್ಟವರೆಲ್ಲ ದಡ್ಡರಾ? ಒಂದು ಬಸ್ ಪಾಸಿನ ಇತಿಹಾಸ

(1/5)
ಗೆಳೆಯರೇ, ಈ ವಾರದ ಇತಿಹಾಸದಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಕಾಲೇಜಿಗೆ ಸೇರಿ ಅರ್ಧಕ್ಕೇ ಬಿಟ್ಟುಹೋದವರ ಕಥೆ ಇದು. ಜಾಗ ಅಮೆರಿಕ.

ಅಲ್ಲಿ ಕಮ್ಯುನಿಟಿ ಕಾಲೇಜು ಅಂತ ಇದೆ. ಎರಡು ವರ್ಷದ ಓದು, ಫೀಸು ಕಡಿಮೆ, ಮನೆಗೆ ಹತ್ತಿರ. ಹೈಸ್ಕೂಲು ಮುಗಿಸಿದ ಬಹುತೇಕ ಯಾರು ಬೇಕಾದ್ರೂ ಸೇರಬಹುದು. ಮುಗಿಸಿದ ಮೇಲೆ ಕೆಲಸಕ್ಕೆ ಹೋಗಬಹುದು, ಇಲ್ಲಾ ಯೂನಿವರ್ಸಿಟಿಗೆ ಸೇರಿ ಡಿಗ್ರಿ ಪೂರ್ತಿ ಮಾಡಬಹುದು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ ಇಂಥ ಕಾಲೇಜು ಶುರುವಾದಾಗ ಇದ್ದದ್ದು ಬರೀ 6 ವಿದ್ಯಾರ್ಥಿಗಳು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ ಇಂಥವು ದೇಶದ ತುಂಬಾ ಬೇಕು ಅಂತ ವರದಿ ಕೊಟ್ಟಿತು. ಕಮ್ಯುನಿಟಿ ಕಾಲೇಜು ಅನ್ನೋ ಹೆಸರು ಜನಪ್ರಿಯವಾಗಿದ್ದು ಅಲ್ಲಿಂದ.

ಬಾಗಿಲೇನೋ ತೆರೀತು. ಒಳಗೆ ಬಂದವರು ಉಳಿದ್ರಾ? 1960ರಲ್ಲಿ ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞ ಒಂದು ಕಹಿ ಮಾತು ಬರೆದ. ಟೆಸ್ಟಿನಲ್ಲಿ ಕಡಿಮೆ ಅಂಕ, ಆಮೇಲೆ ರೆಮಿಡಿಯಲ್ ಕ್ಲಾಸು, ಆಮೇಲೆ 'ಬೇರೆ ಕೋರ್ಸು ನೋಡಬಹುದಲ್ವಾ' ಅನ್ನೋ ಸಲಹೆ. ಹೀಗೆ ಈ ಕಾಲೇಜುಗಳು ಹುಡುಗರ ಆಸೆಯನ್ನು ಮೆಲ್ಲಗೆ ತಣ್ಣಗಾಗಿಸುತ್ತವೆ ಅಂದ. ಕೊನೆಗೆ ಬಿಟ್ಟುಹೋದವರು ತಪ್ಪು ತಮ್ಮದೇ ಅಂದುಕೊಳ್ತಾರೆ.

(2/5)
ಈಗ ನ್ಯೂಯಾರ್ಕಿಗೆ ಬನ್ನಿ. 1969ರ ಏಪ್ರಿಲ್. ಹಾರ್ಲೆಮ್‌ನಲ್ಲಿರುವ ಸಿಟಿ ಕಾಲೇಜಿನ ಸುತ್ತ ವಾಸ ಇದ್ದವರಲ್ಲಿ ಹೆಚ್ಚಿನವರು ಕಪ್ಪು ಜನ. ಆದ್ರೆ ಕಾಲೇಜಿನೊಳಗೆ ಬಹುಪಾಲು ಬಿಳಿಯರೇ. ಕಪ್ಪು ಮತ್ತು ಪೋರ್ಟೊ ರಿಕೋ ಮೂಲದ ವಿದ್ಯಾರ್ಥಿಗಳು ಗೇಟಿಗೆ ಬೀಗ ಹಾಕಿ ಕೂತರು. ನಗರದ ಹೈಸ್ಕೂಲುಗಳಲ್ಲಿ ನಮ್ಮವರು ಎಷ್ಟಿದ್ದಾರೋ ಕಾಲೇಜಿನಲ್ಲೂ ಅಷ್ಟು ಇರಬೇಕು ಅನ್ನೋದು ಅವರ ಬೇಡಿಕೆಗಳಲ್ಲಿ ಒಂದು.

ಪರಿಣಾಮ? 1975ಕ್ಕೆ ಅಂತ ಇಟ್ಟಿದ್ದ ಯೋಜನೆಯನ್ನ ನಗರ ವಿಶ್ವವಿದ್ಯಾಲಯ ಕ್ಯುನಿ 1970ಕ್ಕೇ ತಂದಿತು. ನಗರದ ಹೈಸ್ಕೂಲು ಪಾಸಾದ ಪ್ರತಿಯೊಬ್ಬರಿಗೂ ಅದರ ಯಾವುದಾದರೂ ಒಂದು ಕಾಲೇಜಿನಲ್ಲಿ ಸೀಟು. ಒಂದೇ ವರ್ಷದಲ್ಲಿ ಹೊಸಬರ ಸಂಖ್ಯೆ ಸುಮಾರು 20,000ದಿಂದ 35,000ಕ್ಕೆ ಏರಿತು.

ಮೇಷ್ಟ್ರುಗಳು ಕಂಗಾಲು. ಮೂರು ಸಾಲು ಬರೆದ್ರೆ ಹತ್ತು ತಪ್ಪು! 'ಇವರಿಗೆ ಕಾಲೇಜು ಆಗಲ್ಲ' ಅಂದವರು ಬಹಳ. ಆಗ ಮಿನಾ ಶೌನೆಸ್ಸಿ ಎಂಬ ಅಧ್ಯಾಪಕಿ ಬೇರೆ ದಾರಿ ಹಿಡಿದರು. ಪ್ರವೇಶದ ಸಮಯದಲ್ಲಿ ಬರೆಸಿದ ಸುಮಾರು 4,000 ಪ್ರಬಂಧ ಇಟ್ಟುಕೊಂಡು ಕೂತು ಓದಿದರು. ಕೆಂಪು ಪೆನ್ನಿನಿಂದ ಬರೀ ಗೀಟು ಹಾಕೋ ಬದಲು, ಈ ತಪ್ಪು ಯಾಕೆ ಬಂತು ಅಂತ ಕೇಳಿದರು. ತಪ್ಪುಗಳಿಗೂ ಒಂದು ಲೆಕ್ಕಾಚಾರ ಇದೆ, ಇವರು ದಡ್ಡರಲ್ಲ, ಬರವಣಿಗೆಗೆ ಹೊಸಬರು ಅಷ್ಟೇ ಅಂತ 1977ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ಮರುವರ್ಷವೇ ತೀರಿಕೊಂಡರು.

ಅಷ್ಟರಲ್ಲಿ ನಗರ ದಿವಾಳಿ ಅಂಚಿಗೆ ಬಂದಿತ್ತು. 1847ರಿಂದ ನಡೆದುಬಂದಿದ್ದ ಉಚಿತ ಓದು 1976ರಲ್ಲಿ ನಿಂತಿತು. ಬಡ ಮಕ್ಕಳು ಒಳಗೆ ಬಂದು 6 ವರ್ಷಕ್ಕೆ ಫೀಸು ಶುರು. ಇದನ್ನ ನೆನಪಿಟ್ಕೊಳ್ಳಿ.

(3/5)
ಮುಂದಿನ ದಶಕಗಳಲ್ಲಿ ದೇಶದ ತುಂಬಾ ರೆಮಿಡಿಯಲ್ ಕ್ಲಾಸೇ ಉತ್ತರ ಅಂತಾಯ್ತು. ಸೇರುವಾಗ ಒಂದು ಟೆಸ್ಟು. ಅಂಕ ಕಮ್ಮಿ ಬಂದ್ರೆ ಮೊದಲು ಒಂದು, ಎರಡು, ಕೆಲವರಿಗೆ ಮೂರು ಹಂತದ ಗಣಿತ ಮುಗಿಸಬೇಕು. ಈ ಕ್ಲಾಸುಗಳಿಗೆ ಫೀಸು ಕಟ್ಟಬೇಕು, ಆದ್ರೆ ಡಿಗ್ರಿಯ ಲೆಕ್ಕಕ್ಕೆ ಇವು ಬರಲ್ಲ.

ಒಂದು ಲೆಕ್ಕ ಮಾಡೋಣ, ಪೇಪರ್ ತಗೊಳ್ಳಿ. ಮೂರು ಹಂತ. ಪ್ರತಿ ಹಂತದಲ್ಲೂ 100ಕ್ಕೆ 80 ಜನ ಪಾಸು ಅಂದ್ಕೊಳ್ಳಿ. ಪಾಸಾದವರಲ್ಲೂ 100ಕ್ಕೆ 80 ಜನ ಮುಂದಿನ ಹಂತಕ್ಕೆ ಸೇರ್ತಾರೆ ಅಂದ್ಕೊಳ್ಳಿ. ಒಳ್ಳೇ ರಿಸಲ್ಟೇ ಅಲ್ವಾ? 100 ಜನ ಶುರು ಮಾಡಿದ್ರೆ 80 ಪಾಸು, 64 ಸೇರ್ಪಡೆ, 51 ಪಾಸು, 41 ಸೇರ್ಪಡೆ, 33 ಪಾಸು. ಮೂರನೇ ಹಂತ ದಾಟಿದವರು 33. ಅಸಲಿ ಕೋರ್ಸು ಇನ್ನೂ ಶುರುವೇ ಆಗಿಲ್ಲ!

ಇದು ಬರೀ ಪೇಪರ್ ಲೆಕ್ಕ ಅಲ್ಲ. ಥಾಮಸ್ ಬೈಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ರೆಮಿಡಿಯಲ್‌ಗೆ ಕಳಿಸಿದವರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿ ಎಲ್ಲಾ ಹಂತ ಮುಗಿಸಿದ್ದರು. ಫೇಲಾಗಿ ಹೋದವರಿಗಿಂತ, ಮೊದಲ ಅಥವಾ ಮುಂದಿನ ಹಂತಕ್ಕೆ ಸೇರದೇ ಕಣ್ಮರೆಯಾದವರೇ ಜಾಸ್ತಿ.

ಅಂದ್ರೆ ಮೆಟ್ಟಿಲು ಹತ್ತೋಕೆ ಬರದವರಿಗಿಂತ, ಮೆಟ್ಟಿಲಿನ ನಡುವೆ ಜಾರಿಹೋದವರೇ ಹೆಚ್ಚು. ಕ್ಯಾಲಿಫೋರ್ನಿಯಾ 2017ರಲ್ಲಿ ಕಾನೂನನ್ನೇ ಮಾಡ್ತು: ಹೈಸ್ಕೂಲಿನ ಸಾಧನೆ ನೋಡಿ, ನೇರ ಕೋರ್ಸಿನಲ್ಲಿ ಪಾಸಾಗೋ ಸಾಧ್ಯತೆ ತೀರಾ ಕಮ್ಮಿ ಇದ್ದರೆ ಮಾತ್ರ ರೆಮಿಡಿಯಲ್‌ಗೆ ಕಳಿಸಿ ಅಂತ.

(4/5)
ಮತ್ತೆ ನ್ಯೂಯಾರ್ಕ್. 2007ರಲ್ಲಿ ಕ್ಯುನಿಯ ಕಮ್ಯುನಿಟಿ ಕಾಲೇಜುಗಳಲ್ಲಿ ಅಸಾಪ್ ಎಂಬ ಯೋಜನೆ ಶುರುವಾಯ್ತು. ಅದರಲ್ಲಿ ಏನಿತ್ತು ಗೊತ್ತಾ?

• ಸ್ಕಾಲರ್‌ಶಿಪ್ ಸಾಲದಿದ್ರೆ ಉಳಿದ ಫೀಸು ಮಾಫಿ
• ಪಠ್ಯಪುಸ್ತಕ ಉಚಿತ
• ಮೆಟ್ರೋ ಮತ್ತು ಬಸ್ಸಿನ ಪಾಸು
• ಒಬ್ಬ ಸಲಹೆಗಾರರಿಗೆ 60ರಿಂದ 80 ವಿದ್ಯಾರ್ಥಿಗಳು (ಅದೇ ಕಾಲೇಜುಗಳಲ್ಲಿ ಉಳಿದವರಿಗೆ 600ರಿಂದ 1,500ಕ್ಕೆ ಒಬ್ಬರು)
• ಪೂರ್ಣಾವಧಿ ಓದು, ರೆಮಿಡಿಯಲ್ ಇದ್ರೆ ಮುಂದೂಡದೆ ಬೇಗ ಮುಗಿಸೋದು

ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ 2010ರಲ್ಲಿ ಇದನ್ನ ಪರೀಕ್ಷೆ ಮಾಡೋಕೆ ಶುರು ಮಾಡ್ತು. ಕಡಿಮೆ ಆದಾಯದ, ರೆಮಿಡಿಯಲ್ ಬೇಕಾಗಿದ್ದ 896 ವಿದ್ಯಾರ್ಥಿಗಳನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಮೂರು ವರ್ಷದ ನಂತರ ಮಾಮೂಲಿ ಗುಂಪಿನಲ್ಲಿ ಡಿಗ್ರಿ ಪಡೆದವರು ಶೇ 22. ಅಸಾಪ್ ಗುಂಪಿನಲ್ಲಿ ಶೇ 40.

ಒಬ್ಬೊಬ್ಬರ ಮೇಲಿನ ಖರ್ಚು ಸುಮಾರು ಶೇ 60ರಷ್ಟು ಜಾಸ್ತಿ ಆಯ್ತು ನಿಜ. ಆದ್ರೆ ಪಾಸಾದವರೇ ಅಷ್ಟು ಜಾಸ್ತಿ ಆಗಿದ್ರಿಂದ, ಒಂದು ಡಿಗ್ರಿಗೆ ಬಿದ್ದ ಖರ್ಚು ಕಡಿಮೆಯೇ ಆಯ್ತು. ಆಮೇಲೆ ಓಹಾಯೋ ರಾಜ್ಯದ ಮೂರು ಕಾಲೇಜುಗಳಲ್ಲಿ ಇದೇ ಮಾದರಿ ಮಾಡಿದಾಗ ಶೇ 19ರ ಎದುರು ಶೇ 35.

(5/5)
ಪವಾಡ ಅಂತ ತಿಳ್ಕೋಬೇಡಿ. ಅಸಾಪ್ ಇದ್ದೂ ಶೇ 60 ಮಂದಿ ಮೂರು ವರ್ಷದಲ್ಲಿ ಮುಗಿಸಲಿಲ್ಲ. ಹಳೇ ಕೊರತೆ ಒಂದು ಪಾಸಿನಿಂದ ತುಂಬಲ್ಲ. ಆದರೆ ಎರಡೂ ಗುಂಪಿನ ಹುಡುಗರ ಬುದ್ಧಿ ಒಂದೇ, ಶಾಲೆಗಳು ಅದೇ ಥರದವು, ಮನೆಯ ಕಷ್ಟ ಅದೇ. ಬದಲಾಗಿದ್ದು ಕಾಲೇಜು ನಡೆದುಕೊಂಡ ರೀತಿ ಮಾತ್ರ.

ಇತಿಹಾಸದಲ್ಲಿ ಬಾಗಿಲು ತೆರೆದ ದಿನಗಳು ದಾಖಲಾಗುತ್ತವೆ: 1901, 1947, 1970. ಒಳಗೆ ಬಂದವನಿಗೆ ಸೋಮವಾರದ ಬಸ್ಸಿಗೆ ದುಡ್ಡು ಇತ್ತಾ ಅಂತ ಕೇಳಿದವರು ಕಮ್ಮಿ. 1976ರಲ್ಲಿ ಕಿತ್ಕೊಂಡಿದ್ದರಲ್ಲಿ ಒಂದಷ್ಟನ್ನ 2007ರಲ್ಲಿ ವಾಪಸ್ ಕೊಟ್ಟಾಗ, ಅದೇ ನಗರದ ಅಂಥದೇ ಮಕ್ಕಳು ದಡ ಸೇರಿದರು.

ನಮ್ಮ ಕ್ಲಾಸಲ್ಲೂ ಮೊದಲ ಸೆಮ್ ಆದ್ಮೇಲೆ ಕಾಣದೇ ಹೋದವರು ಇದ್ದಾರಲ್ಲ? 'ಅವನಿಗೆ ಓದು ಹತ್ತಲಿಲ್ಲ' ಅಂತ ಹೇಳೋ ಮುಂಚೆ ಒಂದು ಫೋನ್ ಮಾಡಿ. ಏನಾಯ್ತು ಅಂತ ಕೇಳಿ. ಪರೀಕ್ಷೆ ಫಾರ್ಮ್ ತುಂಬೋ ಕೊನೆ ದಿನ ಯಾವಾಗ ಅಂತಾದ್ರೂ ಹೇಳಿ.

ನೀವೇ ಬಿಡೋ ಯೋಚನೆಯಲ್ಲಿದ್ರೆ, ನಿಮ್ಮನ್ನ ತಡೀತಿರೋದು ಪಾಠನಾ, ಫೀಸಾ, ಬಸ್ಸಾ, ಮನೆ ಕೆಲಸನಾ? ಬಿಡಿಸಿ ಬರೆದು ನೋಡಿ. ಪಾಠ ಬಿಟ್ಟು ಬೇರೆ ಏನೇ ಇದ್ರೂ ಅದನ್ನ ದಡ್ಡತನ ಅಂತ ಕರೀಬೇಡಿ. ಪಾಠವೇ ಆಗಿದ್ರೆ, ಆ 4,000 ಪ್ರಬಂಧ ನೆನಪಿರಲಿ.

ಕಾಮೆಂಟಲ್ಲಿ ಹೇಳಿ, ಇಲ್ಲಾ ಮೆಸೇಜ್ ಮಾಡಿ. ಮುಂದಿನ ವಾರ ಸಿಗೋಣ.

#ಇತಿಹಾಸ #ಕನ್ನಡದಲ್ಲಿಓದು #ಕಾಲೇಜುಕಥೆ