ವಿ. ಆರ್. ರಘುನಾಥ್

ವಿ. ಆರ್. ರಘುನಾಥ್ (ಜನನ: 1 ನವೆಂಬರ್ 1988) ಭಾರತದ ಮಾಜಿ ಹಾಕಿ ಆಟಗಾರರು. ಕೊಡಗು ಜಿಲ್ಲೆಯವರಾದ ಇವರು 2005ರಲ್ಲಿ ರಾಷ್ಟ್ರೀಯ ತಂಡವನ್ನು ಪ್ರವೇಶಿಸಿ, ಒಂದು ದಶಕಕ್ಕೂ ಹೆಚ್ಚು ಕಾಲ ರಕ್ಷಣಾ ವಿಭಾಗದಲ್ಲಿ ಆಡಿದರು. ಪೆನಾಲ್ಟಿ ಕಾರ್ನರ್‌ಗಳಲ್ಲಿ ಬಳಸುವ ಡ್ರ್ಯಾಗ್ ಫ್ಲಿಕ್ ಹೊಡೆತಕ್ಕೆ ಹೆಸರಾಗಿದ್ದ ಇವರಿಗೆ 2016ರಲ್ಲಿ ಅರ್ಜುನ ಪ್ರಶಸ್ತಿ ದೊರೆಯಿತು.

ಆಟದ ಸ್ವರೂಪ

ರಕ್ಷಣಾ ಆಟಗಾರ ತಡೆದ ದಾಳಿಗಳಿಗೆ ಅಂಕಪಟ್ಟಿಯಲ್ಲಿ ಸ್ಥಾನವಿಲ್ಲ. ರಘುನಾಥ್ ಅವರ ಹೆಸರು ಅಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡದ್ದು ಪೆನಾಲ್ಟಿ ಕಾರ್ನರ್‌ಗಳಿಂದ. ನಿಯಮದಂತೆ, ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲಿನತ್ತ ಮೊದಲ ಹೊಡೆತವನ್ನು ಕೋಲಿನಿಂದ ಬಲವಾಗಿ ಬಡಿದರೆ, ಚೆಂಡು ಗೋಲುಗೆರೆ ದಾಟುವಾಗ 460 ಮಿಲಿಮೀಟರ್‌ಗಿಂತ ಎತ್ತರದಲ್ಲಿರಬಾರದು. ಚೆಂಡನ್ನು ಕೋಲಿಗೆ ತಾಗಿಸಿಕೊಂಡೇ ಎಳೆದು ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್‌ಗೆ ಈ ಮಿತಿ ಅನ್ವಯಿಸುವುದಿಲ್ಲ. ಆದ್ದರಿಂದ ಗೋಲಿನ ಮೇಲಿನ ಮೂಲೆಗಳನ್ನೂ ಗುರಿಯಾಗಿಸಬಹುದು. ದಾಳಿಯ ಹೊತ್ತಿನಲ್ಲಿ ಮುಂದೆ ಬಂದು ಈ ಹೊಡೆತವನ್ನು ಹೊಡೆದು, ಮರುಕ್ಷಣವೇ ತಮ್ಮ ಗೋಲನ್ನು ಕಾಯಲು ಹಿಂದಕ್ಕೆ ಓಡುವುದು ಇವರಂತಹ ಆಟಗಾರರ ದ್ವಿಗುಣ ಹೊಣೆ.

ವೃತ್ತಿಜೀವನ

2007ರಲ್ಲಿ ಚೆನ್ನೈನಲ್ಲಿ ಏಷ್ಯಾ ಕಪ್ ಗೆದ್ದ ಭಾರತ ತಂಡದಲ್ಲಿ ರಘುನಾಥ್ ಇದ್ದರು. ಮರುವರ್ಷವೇ ಭಾರತ ಬೀಜಿಂಗ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಲು ವಿಫಲವಾಯಿತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಇವರಿದ್ದ ತಂಡ ಆರೂ ಪಂದ್ಯಗಳನ್ನು ಸೋತು ಹನ್ನೆರಡನೆಯ, ಅಂದರೆ ಕಡೆಯ ಸ್ಥಾನಕ್ಕೆ ಇಳಿಯಿತು.

ಚೇತರಿಕೆಯ ಮೊದಲ ಸೂಚನೆ ಕಂಡದ್ದು 2013ರಲ್ಲಿ, ಇಪೋದಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ. ಫೈನಲ್‌ನಲ್ಲಿ ಭಾರತ ದಕ್ಷಿಣ ಕೊರಿಯಾಕ್ಕೆ 3–4ರಿಂದ ಸೋತರೂ ಪಂದ್ಯಾವಳಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ರಘುನಾಥ್ ಅವರಿಗೆ ಸಂದಿತು. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ ಮಣಿಸಿ, ಹದಿನಾರು ವರ್ಷಗಳ ಬಳಿಕ ಚಿನ್ನ ಗೆದ್ದ ತಂಡದಲ್ಲೂ ಇವರಿದ್ದರು. ಆ ಗೆಲುವು ರಿಯೊ ಒಲಿಂಪಿಕ್ಸ್‌ಗೆ ನೇರ ಪ್ರವೇಶವನ್ನೂ ತಂದುಕೊಟ್ಟಿತು. ವೃತ್ತಿಪರ ಹಾಕಿ ಇಂಡಿಯಾ ಲೀಗ್‌ನಲ್ಲಿ ಇವರು ಉತ್ತರ ಪ್ರದೇಶ ವಿಜಾರ್ಡ್ಸ್ ತಂಡದ ನಾಯಕರಾಗಿದ್ದರು.

ರಿಯೊ ಒಲಿಂಪಿಕ್ಸ್‌ಗೆ ಮುನ್ನ ತಂಡದ ತರಬೇತಿ ಶಿಬಿರ ನಡೆದದ್ದು ಪಶ್ಚಿಮ ಬೆಂಗಳೂರಿನಲ್ಲಿ, ಮೈಸೂರು ರಸ್ತೆಯಿಂದ ಒಳಗಿರುವ ಜ್ಞಾನಭಾರತಿ ಆವರಣದ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ. 2016ರ ಜೂನ್‌ನಲ್ಲಿ ಲಂಡನ್‌ನ ಚಾಂಪಿಯನ್ಸ್ ಟ್ರೋಫಿಯಲ್ಲಿ ಭಾರತ ಮೊದಲ ಬಾರಿಗೆ ಬೆಳ್ಳಿ ಗೆದ್ದಿತು. ರಿಯೊಗೆ ತೆರಳಿದ ತಂಡದಲ್ಲಿ ರಘುನಾಥ್ ಅವರೊಂದಿಗೆ ಎಸ್. ವಿ. ಸುನಿಲ್, ಎಸ್. ಕೆ. ಉತ್ತಪ್ಪ ಹಾಗೂ ನಿಕ್ಕಿನ್ ತಿಮ್ಮಯ್ಯ ಸಹ ಇದ್ದರು, ನಾಲ್ವರೂ ಕೊಡಗಿನವರೇ. ಐರ್ಲೆಂಡ್ ವಿರುದ್ಧ 3–2ರಿಂದ ಗೆದ್ದ ಆರಂಭಿಕ ಪಂದ್ಯದಲ್ಲಿ ಭಾರತದ ಮೊದಲ ಗೋಲು ಪೆನಾಲ್ಟಿ ಕಾರ್ನರ್‌ನಲ್ಲಿ ರಘುನಾಥ್ ಗಳಿಸಿದ್ದು. ಕ್ವಾರ್ಟರ್ ಫೈನಲ್‌ನಲ್ಲಿ ಬೆಲ್ಜಿಯಂ ಎದುರು 1–3ರಿಂದ ಸೋತ ಭಾರತ ಎಂಟನೆಯ ಸ್ಥಾನ ಪಡೆಯಿತು.

ಅದೇ ವರ್ಷದ ನವೆಂಬರ್‌ನಲ್ಲಿ ಆಸ್ಟ್ರೇಲಿಯಾ ಪ್ರವಾಸಕ್ಕೆ ಹೊರಟ ಭಾರತ ತಂಡದ ನಾಯಕತ್ವ ರಘುನಾಥ್ ಅವರ ಪಾಲಿಗೆ ಬಂದಿತು.